ಚಾಕೊಲೇಟ್ ಊರೊಳಗೆ ಬಂತು, ತಂದವರು ಹೊಳೆಯಾಚೆ ಉಳಿದರು: ಬಯೋನ್ ಬಗ್ಗೆ ಚರ್ಚೆ

ಸಂಜೆಮಳೆ

ಹೊರಗಿನವರೊಬ್ಬರು ಕಟ್ಟುನಿಟ್ಟಿನ ಸಣ್ಣ ಊರಿಗೆ ಬಂದು ಸಿಹಿ ಅಂಗಡಿ ಇಡ್ತಾರೆ. ಊರು ಮೊದಲು ಮುಖ ಸಿಂಡರಿಸುತ್ತೆ, ಆಮೇಲೆ ಕದ್ದು ತಿನ್ನುತ್ತೆ, ಕೊನೆಗೆ ಎಲ್ಲರ ಮನಸ್ಸೂ ಕರಗಿಹೋಗುತ್ತೆ. ಈ ಜಾಡಿನ ಕಥೆ ಓದಿದಾಗಲೆಲ್ಲ ನನಗೆ ಒಂದು ಅನುಮಾನ. ಕರಗಿದ್ದು ಬಾಯಲ್ಲಿದ್ದ ಸಿಹಿ ಅನ್ನೋದೇನೋ ಸರಿ. ಮನಸ್ಸೂ ಕರಗಿತು ಅಂತ ಯಾರು ಹೇಳಿದ್ದು?

ಕಥೆ ಪಕ್ಕಕ್ಕಿಡೋಣ. ನಿಜವಾಗಿ ಹೀಗೆ ನಡೆದ ಒಂದು ಊರಿದೆ: ಫ್ರಾನ್ಸಿನ ನೈಋತ್ಯ ಮೂಲೆಯ ಬಯೋನ್. ಸ್ಪೇನ್ ಗಡಿಗೆ ಹತ್ತಿರ. ನೀವ್ ನದಿ ಬಂದು ಅದೂರ್ ನದಿಗೆ ಸೇರುವ ಕಡೆ ಕೋಟೆ ಕಟ್ಟಿಕೊಂಡು ಕೂತ ಕ್ಯಾಥೊಲಿಕ್ ಊರು. ಇವತ್ತು ಬಯೋನ್ ಅಂದರೆ ಹಂದಿ ತೊಡೆಯ ಹ್ಯಾಮ್, ಅದರ ಜೊತೆಗೆ ಚಾಕೊಲೇಟ್. ಫ್ರಾನ್ಸಿನಲ್ಲಿ ಚಾಕೊಲೇಟ್ ಮಾಡುವ ಕಸುಬು ಮೊಟ್ಟಮೊದಲು ಬೇರುಬಿಟ್ಟ ಜಾಗಗಳಲ್ಲಿ ಇದೂ ಒಂದು. ಅದನ್ನು ತಂದವರು ಊರಿನವರಲ್ಲ. ಸ್ಪೇನ್, ಪೋರ್ಚುಗಲ್ ಬಿಟ್ಟು ಜೀವ ಕೈಯಲ್ಲಿ ಹಿಡಿದು ಓಡಿಬಂದ ಯಹೂದಿ ಮನೆತನದವರು. 17ನೇ ಶತಮಾನದ ಮಾತು.

ಊರು ಏನು ಮಾಡಿತು ಗೊತ್ತಾ? ಕುಡಿದು ರುಚಿ ಹತ್ತಿಸಿಕೊಂಡಿತು. ಪಕ್ಕದಲ್ಲಿ ನಿಂತು ಕೆಲಸ ಕಲಿಯಿತು. ಕಲಿತಾದ ಮೇಲೆ 1761ರಲ್ಲಿ ಚಾಕೊಲೇಟ್ ಮಾಡುವವರ ಸಂಘ ಕಟ್ಟಿಕೊಂಡು, ಕಲಿಸಿದವರು ಊರೊಳಗೆ ಆ ಕೆಲಸ ಮಾಡದ ಹಾಗೆ ನಿಯಮ ಬರೆಯಿತು.

ಇದನ್ನು ಓದಿದ ಮೇಲೆ ಸಿಹಿ ಊರನ್ನು ಬದಲಿಸುತ್ತೆ ಅನ್ನುವ ಮಾತು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಗೊತ್ತಿದ್ದವರು ಹೇಳಿ.

ಹಳೇಪುಟ

ಒಳ್ಳೆ ವಿಷಯ ಎತ್ತಿದ್ದೀರಿ. ಹಿನ್ನೆಲೆ ಸ್ವಲ್ಪ ಸೇರಿಸ್ತೀನಿ, ಇಲ್ಲದಿದ್ದರೆ "ಬಂದರು, ಅಂಗಡಿ ಇಟ್ಟರು" ಅನ್ನೋದು ತೀರಾ ಸಲೀಸಾಗಿ ಕೇಳಿಸುತ್ತೆ.

1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರದಬ್ಬಿತು. ತುಂಬಾ ಜನ ಪಕ್ಕದ ಪೋರ್ಚುಗಲ್‌ಗೆ ಹೋದರು. ಅಲ್ಲಿ 1497ರಲ್ಲಿ ಒತ್ತಾಯದ ಮತಾಂತರ. 1536ರಲ್ಲಿ ಅಲ್ಲಿಗೂ ಮತವಿಚಾರಣೆಯ ನ್ಯಾಯಾಲಯ (ಇನ್‌ಕ್ವಿಸಿಷನ್, ಗುಟ್ಟಾಗಿ ಹಳೆ ಧರ್ಮ ಪಾಲಿಸುವವರನ್ನು ಹಿಡಿದು ಶಿಕ್ಷಿಸುವಂಥದ್ದು) ಬಂತು. ಅಂದರೆ ಹೊರಗೆ ಕ್ರೈಸ್ತರ ಹೆಸರು, ಬಾಗಿಲು ಹಾಕಿದ ಮೇಲೆ ಹಳೆಯ ಪ್ರಾರ್ಥನೆ, ಯಾರಾದರೂ ಚಾಡಿ ಹೇಳಿದರೆ ಕಥೆ ಮುಗೀತು. ಹೀಗೆ ಎರಡು ಮೂರು ತಲೆಮಾರು ಬದುಕಿದವರು ಗಡಿ ದಾಟಿ ಬಂದದ್ದು.

ಫ್ರಾನ್ಸಿನ ರಾಜ ಎರಡನೇ ಹೆನ್ರಿ 1550ರಲ್ಲಿ ಇವರಿಗೆ ವಾಸಕ್ಕೂ ವ್ಯಾಪಾರಕ್ಕೂ ಸನದು ಕೊಟ್ಟ. ಅದರಲ್ಲಿ ಇವರು "ಪೋರ್ಚುಗೀಸ್ ವ್ಯಾಪಾರಿಗಳು", "ಹೊಸ ಕ್ರೈಸ್ತರು". ಯಹೂದಿ ಅನ್ನುವ ಪದವನ್ನು ತಪ್ಪಿಸಿ ಬರೆದದ್ದು. ರಾಜನ ಕಾಗದವೊಂದು ಇವರನ್ನು ನೇರವಾಗಿ ಯಹೂದಿಗಳು ಅಂತ ಕರೆದು ಹಕ್ಕು ಒಪ್ಪಿಕೊಂಡದ್ದು 1723ರಲ್ಲಿ. ಲೆಕ್ಕ ಹಾಕಿ, ನೂರ ಎಪ್ಪತ್ತಮೂರು ವರ್ಷ ಎಲ್ಲರಿಗೂ ಗೊತ್ತಿದ್ದ ಗುಟ್ಟು!

ಇನ್ನೊಂದು ಮುಖ್ಯವಾದದ್ದು. ಇವರು ನೆಲೆಸಿದ್ದು ಬಯೋನಿನ ಕೋಟೆಯೊಳಗಲ್ಲ. ಅದೂರ್ ನದಿಯ ಆಚೆ ದಡದ ಸೇಂತ್-ಎಸ್ಪ್ರಿ ಎಂಬ ಜಾಗದಲ್ಲಿ. ಆಗ ಅದು ಬೇರೆ ಆಡಳಿತದ ಊರು. ಹಗಲು ಸೇತುವೆ ದಾಟಿ ಬಂದು ವ್ಯಾಪಾರ ಮಾಡಬಹುದು, ಸಂಜೆ ಆಚೆ ದಡಕ್ಕೆ ವಾಪಸ್. ಬಯೋನಿನೊಳಗೆ ರಾತ್ರಿ ಕಳೆಯುವ ಹಾಗಿಲ್ಲ. ಹಾಗಾಗಿ ಚೌಕದಲ್ಲಿ ಬಣ್ಣ ಬಳಿದ ಮುದ್ದಾದ ಸಿಹಿ ಅಂಗಡಿಯ ಚಿತ್ರ ಮನಸ್ಸಿನಲ್ಲಿದ್ದರೆ ಅಳಿಸಿಬಿಡಿ.

ಖಾರಾಬೂಂದಿ

ಸಿಹಿ ಬೇಕು, ಸಿಹಿ ಮಾಡುವವನ ಹಾಸಿಗೆ ಬೇಡ. ಚೆನ್ನಾಗಿದೆ ಊರು.

ಕಡಲತಡಿ

ಇದರಲ್ಲಿ ಧರ್ಮದ ಕಡೆಯಿಂದ ಒಂದು ತಮಾಷೆ ಉಂಟು ಮಾರಾಯ್ರೆ, ಅದನ್ನು ಹೇಳದೆ ಬಿಡಲಿಕ್ಕೆ ಆಗುವುದಿಲ್ಲ.

ಕಥೆಗಳಲ್ಲಿ ಪಾದ್ರಿ ಒಂದು ಕಡೆ, ಚಾಕೊಲೇಟ್ ಇನ್ನೊಂದು ಕಡೆ, ನಡುವೆ ತಪಸ್ಸುಕಾಲ, ಅಂದರೆ ಈಸ್ಟರ್ ಮುಂಚಿನ ನಲವತ್ತು ದಿನದ ಉಪವಾಸ. ನಿಜದಲ್ಲಿ ಇಗರ್ಜಿಯ ಒಳಗೇ ಜಗಳ ಇತ್ತು. ಉಪವಾಸದ ದಿನ ಒಂದೇ ಹೊತ್ತು ಪೂರ್ತಿ ಊಟ. ನಡುವೆ ಕುಡಿಯಬಹುದು, ತಿನ್ನುವ ಹಾಗಿಲ್ಲ. ಆಗಿನ ಚಾಕೊಲೇಟ್ ನಾವು ಕಚ್ಚಿ ತಿನ್ನುವ ಹಾಗಿನದ್ದಲ್ಲ, ಬಿಸಿ ಬಿಸಿ ಕುಡಿಯುವಂಥದ್ದು. ಆದರೆ ಒಂದು ಬಟ್ಟಲು ಕುಡಿದರೆ ಹೊಟ್ಟೆ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾದರೆ ಅದು ಪಾನವಾ, ಊಟವಾ? ಈ ಒಂದು ಪ್ರಶ್ನೆಗೆ ಅಂತೋನಿಯೊ ದೆ ಲಿಯೋನ್ ಪಿನೇಲೊ ಎಂಬ ಪಂಡಿತರು 1636ರಲ್ಲಿ ಮ್ಯಾಡ್ರಿಡ್‌ನಲ್ಲಿ ಇಡೀ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಇಗರ್ಜಿಯ ಎರಡು ಗುರುಸಂಘಗಳಲ್ಲಿ ಜೆಸುಯಿಟರು ಕುಡಿಯಬಹುದು ಎಂಬ ಕಡೆ, ಡೊಮಿನಿಕನರಲ್ಲಿ ಹೆಚ್ಚಿನವರು ಬೇಡ ಎಂಬ ಕಡೆ. 1660ರ ದಶಕದಲ್ಲಿ ಕಾರ್ಡಿನಲ್ ಬ್ರಂಕಾಚ್ಚೊ ರೋಮಿನಲ್ಲಿ ಕೂತು, ನೀರಿನಲ್ಲಿ ಕದಡಿದ ಚಾಕೊಲೇಟ್ ದ್ರವವೇ, ದ್ರವ ಉಪವಾಸವನ್ನು ಮುರಿಯುವುದಿಲ್ಲ ಎಂದು ಬರೆದ ಮೇಲೆ ಕುಡಿಯುವವರಿಗೆ ಸಮಾಧಾನ ಆಯಿತು.

ಈಗ ಬಯೋನಿಗೆ ಬನ್ನಿ. ನಲವತ್ತು ದಿನ ಮಾಂಸ ಇಲ್ಲ, ಒಂದೇ ಹೊತ್ತು ಊಟ, ಹೊರಗೆ ಚಳಿ. ಅಂಥ ಹೊತ್ತಿಗೆ ಧರ್ಮವೇ ಒಪ್ಪಿದ ಒಂದು ಬಟ್ಟಲು ಬಿಸಿ ಆಸರೆ. ಅದನ್ನು ಮಾಡಿಕೊಡಲಿಕ್ಕೆ ಬರುವುದು ಹೊಳೆಯಾಚೆಯ ಯಹೂದಿಗೆ ಮಾತ್ರ. ತಪಸ್ಸುಕಾಲದಲ್ಲೇ ಅವನಿಗೆ ಗಿರಾಕಿ ಜಾಸ್ತಿ ಇದ್ದಿರಬೇಕು ಎಂಬುದು ನನ್ನ ಊಹೆ, ದಾಖಲೆ ಕೇಳಬೇಡಿ.

ಖಾರಾಬೂಂದಿ

ದ್ರವ ಉಪವಾಸ ಮುರಿಯಲ್ಲ ಅಂದ್ರೆ ಐಸ್‌ಕ್ರೀಮ್ ಕರಗಿಸಿ ಕುಡಿಯಬಹುದಾ ಗುರುಗಳೇ?

ಕಡಲತಡಿ

ಬ್ರಂಕಾಚ್ಚೊ ಬದುಕಿದ್ದರೆ ನಿಮಗೆ ಇನ್ನೊಂದು ಗ್ರಂಥ ಬರೆದುಕೊಡುತ್ತಿದ್ದರು.

ಚಾಕೊಲೇಟ್ ವಿರುದ್ಧ ನಿಜವಾಗಿ ಯುದ್ಧಕ್ಕೆ ಇಳಿದವರು ಬೇಕಾದರೆ ಈಗಿನ ಮೆಕ್ಸಿಕೊದ ದಕ್ಷಿಣದ ಚಿಯಾಪಾಸ್‌ಗೆ ಹೋಗಬೇಕು. ಥಾಮಸ್ ಗೇಜ್ ಎಂಬ ಇಂಗ್ಲಿಷ್ ಸನ್ಯಾಸಿ 1648ರಲ್ಲಿ ಬರೆದದ್ದು. ಅಲ್ಲಿನ ಶ್ರೀಮಂತ ಹೆಂಗಸರು ಇಗರ್ಜಿಯ ಬಲಿಪೂಜೆಯ (ಮಾಸ್) ನಡುವೆಯೇ ಸೇವಕಿಯರ ಕೈಯಿಂದ ಬಿಸಿ ಚಾಕೊಲೇಟ್ ತರಿಸಿ ಕುಡಿಯುತ್ತಿದ್ದರು. ಹೊಟ್ಟೆ ತೊಳಸುತ್ತದೆ, ಇದಿಲ್ಲದೆ ಅಷ್ಟು ಹೊತ್ತು ಕೂರಲಿಕ್ಕೆ ಆಗುವುದಿಲ್ಲ ಎಂಬ ನೆಪ. ಬಿಷಪ್ಪರು ಬುದ್ಧಿ ಹೇಳಿದರು, ಕೇಳಲಿಲ್ಲ. ಬಾಗಿಲಿಗೆ ಬಹಿಷ್ಕಾರದ ಪ್ರಕಟಣೆ ಅಂಟಿಸಿದರು. ಹೆಂಗಸರು ಪ್ರಧಾನ ದೇವಾಲಯ ಬಿಟ್ಟು ಮಠಗಳ ಪೂಜೆಗೆ ಹೋಗಲಿಕ್ಕೆ ಶುರು. ಸ್ವಲ್ಪ ದಿನದಲ್ಲಿ ಬಿಷಪ್ಪರು ಕಾಯಿಲೆ ಬಿದ್ದು ತೀರಿಹೋದರು. ಅವರಿಗೆ ಕೊಟ್ಟ ಚಾಕೊಲೇಟಿನಲ್ಲೇ ವಿಷ ಇತ್ತು ಎಂದು ಊರೆಲ್ಲ ಸುದ್ದಿ. "ಚಿಯಾಪದ ಚಾಕೊಲೇಟ್ ಬಗ್ಗೆ ಹುಷಾರು" ಎಂಬುದು ಗಾದೆಯೇ ಆಯಿತಂತೆ.

ಒಂದು ಮಾತು ಮಾತ್ರ. ಗೇಜ್ ಆ ಹೊತ್ತಿಗೆ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರೊಟೆಸ್ಟೆಂಟ್ ಆಗಿದ್ದ. ಹಳೇ ಮನೆಯ ಬಗ್ಗೆ ಹೇಳುವಾಗ ಒಗ್ಗರಣೆ ಸ್ವಲ್ಪ ಜೋರಾಗಿಯೇ ಹಾಕಿರುತ್ತಾನೆ.

ಅರೆಗಲ್ಲು

ನಮಸ್ಕಾರ್ರಿ ಎಲ್ಲಾರಿಗೂ. ನೀವೆಲ್ಲಾ ಧರ್ಮದ್ದು, ರಾಜಂದು ಹೇಳಾಕತ್ತೀರಿ. ಆ ಚಾಕೊಲೇಟ್ ಮಾಡೂದು ಹೆಂಗಿತ್ತು ಅಂತ ಯಾರೂ ಹೇಳವಲ್ರಿ. ನಾ ಹೋದ ವರ್ಷ ಮನ್ಯಾಗ ಮಾಡಿ ನೋಡೇನಿ, ಅದಕ್ಕ ಬರ್ಯಾಕತ್ತೇನಿ.

ಅರ್ಧ ಕಿಲೊ ಒಣಗಿಸಿದ ಕೊಕೊ ಬೀಜ ತರಿಸಿದೆ. ಕಬ್ಬಿಣ ಬಾಣಲೆಯೊಳಗ ಸಣ್ಣ ಉರಿ ಮ್ಯಾಲೆ ಹುರದೆ. ಮದಲ ಹುಳಿ ವಾಸನೆ ಬರ್ತದ, ಶಿರ್ಕಾ ಇದ್ಧಂಗ. ಯಾಕಂದ್ರ ಬೀಜಾನ ಹಣ್ಣಿನ ತಿರುಳಿನ ಕೂಡ ಹುಳಿ ಬರಿಸಿ ಆಮ್ಯಾಲೆ ಒಣಗಿಸಿರ್ತಾರ. ಹುಳಿ ವಾಸನೆ ಹೋಗಿ ಚಾಕೊಲೇಟ್ ಘಮ ಬರೂತನಕಾ ಕಾಯಬೇಕು. ಸಿಪ್ಪಿ ಸಿಡೀಲಿಕ್ಕೆ ಹತ್ತಿದ ಮ್ಯಾಲೆ ಇಳಿಸಿ, ಕೈಲೆ ತಿಕ್ಕಿ, ಮೊರದಾಗ ಕೇರಿದೆ. ಇಲ್ಲೀತನಕಾ ಆರಾಮ.

ಅರಿಯೂದು ಅದಲ್ರಿ, ಅದು ಬ್ಯಾರೆನ ಕಥಿ. ಕಲ್ಲಿನ ಮ್ಯಾಲೆ ಹಾಕಿ ಅರದ್ರ ಮದಲ ತರಿ, ಆಮ್ಯಾಲೆ ಪುಡಿ. ಪುಡಿ ಆದಮ್ಯಾಲೆ ಮುಂದ ಹೋಗಂಗಿಲ್ಲ, ಅಷ್ಟಕ್ಕ ನಿಂತುಬಿಡ್ತದ. ಒಂದ ತಾಸು ಅರದು ರಟ್ಟಿ ಬಿದ್ದು ಹೋದ್ವು. ಆಮ್ಯಾಲೆ ತಿಳೀತು, ಕಲ್ಲು ತಣ್ಣಗಿತ್ತು ಅಂತ. ಬೀಜದಾಗ ಹತ್ತಹತ್ರ ಅರ್ಧದಷ್ಟು ಬೆಣ್ಣಿ ಅದ, ಅದು ಕರಗೂದು 34 ಡಿಗ್ರಿ ಸುತ್ತಮುತ್ತ. ಹಳೇ ಕಸುಬುದಾರರು ಕಲ್ಲಿನ ಕೆಳಗ ಕೆಂಡ ಇಡ್ತಿದ್ರು. ಕಾಲು ಇರೂ ಬಾಗಿದ ಕಲ್ಲು, ಮೆಕ್ಸಿಕೊದವರದ್ದು, ಮೆತಾತೆ ಅಂತಾರ. ಅದರ ಮುಂದ ಮೊಣಕಾಲೂರಿ ಕುಂತು, ಎರಡೂ ಕೈಲೆ ಕಲ್ಲಿನ ಉರುಳಿ ಹಿಡದು, ಮೈಭಾರ ಎಲ್ಲಾ ಹಾಕಿ ಮುಂದ ಹಿಂದ, ಮುಂದ ಹಿಂದ. ಸ್ಪೇನ್‌ನ್ಯಾಗ, ಫ್ರಾನ್ಸ್‌ನ್ಯಾಗ ಯಂತ್ರ ಬರೂತನಕಾ ಇದ ಕಲ್ಲು.

ನಂದು ಕೊನೀಗೂ ನುಣ್ಣಗ ಆಗಲಿಲ್ಲ. ಹಲ್ಲಿಗೆ ಉಸುಕು ಸಿಕ್ಕಂಗ ಆತು. ಆ ಮನಷ್ಯಾ ದಿನಾ ಇದನ್ನ ಮಾಡ್ತಿದ್ದ ಅಂದ್ರ ಅವನ ಬೆನ್ನು ಏನಾಗಿರಬೇಕು ವಿಚಾರ ಮಾಡ್ರಿ.

ಸಂಜೆಮಳೆ

ಅರೆಗಲ್ಲು ಅವರೇ, ನಿಮ್ಮ ಬರಹ ಓದಿ ನನ್ನ ಭುಜವೇ ನೋಯ್ತು. ಇದು ಬಯೋನಿಗೆ ತುಂಬಾ ಮುಖ್ಯ. ಅಲ್ಲಿನ ಯಹೂದಿ ಕಸುಬುದಾರರು ಕಲ್ಲು, ಉರುಳೆ ಹೊತ್ತುಕೊಂಡು ಸೇತುವೆ ದಾಟಿ, ಬಯೋನಿನ ಗಿರಾಕಿಗಳ ಮನೆಗೇ ಹೋಗಿ ಅಲ್ಲೇ ಅರೆದುಕೊಡುತ್ತಿದ್ದರು. ಬೀಜ ಮನೆಯವರ ಕಣ್ಣೆದುರೇ ಅರೆಯುತ್ತಾ ಇದ್ದರೆ ಕಲಬೆರಕೆಯ ಭಯ ಇಲ್ಲ, ಯಾರಿಗೆ ಎಷ್ಟು ಸಕ್ಕರೆ ಬೇಕೋ, ಎಷ್ಟು ದಾಲ್ಚಿನ್ನಿ ಬೇಕೋ ಅಷ್ಟು.

ಅಂಗಡಿಯೇ ಮನೆಯೊಳಗೆ ನಡೆದು ಬಂದ ಹಾಗೆ. ಊರ ಬಾಗಿಲಲ್ಲಿ ರಾತ್ರಿಗೆ ಜಾಗ ಇಲ್ಲದವನು ಹಗಲು ಅಡುಗೆಮನೆಯಲ್ಲಿ ಮೊಣಕಾಲೂರಿ ಕೂತಿದ್ದಾನೆ.

ಚಿಲಕ

ಎಲ್ಲರೂ ಭಾವುಕರಾಗ್ತಿದ್ದೀರಿ, ನಾನು ಸ್ವಲ್ಪ ತಣ್ಣೀರು ಹಾಕ್ತೀನಿ.

1761ರ ಸಂಘವನ್ನು ಧರ್ಮದ್ವೇಷ ಅಂತ ಓದೋದು ಅರ್ಧ ಸತ್ಯ. ಆ ಕಾಲದ ಯೂರೋಪಿನಲ್ಲಿ ಬೇಕರಿಯವನಿಗೆ, ಮೇಣದಬತ್ತಿಯವನಿಗೆ, ಚಮ್ಮಾರನಿಗೆ, ಎಲ್ಲರಿಗೂ ಸಂಘ. ಸಂಘ ಅಂದರೇನೇ ಹೊರಗಿನವರನ್ನು ಹೊರಗಿಡುವ ಯಂತ್ರ. ಯಾರು ಕಲಿಯಬೇಕು, ಯಾರು ಮಾರಬೇಕು ಎಲ್ಲಾ ಅದರ ಕೈಯಲ್ಲಿ. ಬಯೋನಿನ ಕ್ರೈಸ್ತ ಚಾಕೊಲೇಟ್‌ಗಾರರಿಗೆ ಹೊಳೆಯಾಚೆಯವರು ಅಗ್ಗಕ್ಕೆ, ಚೆನ್ನಾಗಿ ಮಾಡಿಕೊಡ್ತಿದ್ದದ್ದೇ ತಲೆನೋವು. ಧರ್ಮ ಕೈಗೆ ಸಿಕ್ಕಿದ ದೊಣ್ಣೆ, ಅಷ್ಟೇ.

ಧರ್ಮ ಒಂದೇ ಇದ್ದರೂ ಇದೇ ಪಾಡು ಅನ್ನೋದಕ್ಕೆ ಹತ್ತಿರದ ಉದಾಹರಣೆ ಕೊಡ್ತೀನಿ. ಸ್ವಿಟ್ಜರ್ಲೆಂಡಿನ ಗ್ರಾವ್‌ಬ್ಯುಂಡನ್ ಬೆಟ್ಟಗಳಿಂದ ಬಡ ಹುಡುಗರು ವೆನಿಸ್‌ಗೆ ಹೋಗಿ ಮಿಠಾಯಿ, ಬಿಸ್ಕತ್ತಿನ ಕಸುಬು ಕಲಿತರು. ಕ್ರಮೇಣ ಅಲ್ಲಿನ ಸಿಹಿ ವ್ಯಾಪಾರವೇ ಅವರ ಕೈಗೆ ಬಂತು. 1766ರಲ್ಲಿ ವೆನಿಸ್ ಅವರನ್ನೆಲ್ಲಾ ಹೊರಗಟ್ಟಿತು. ಆಮೇಲೆ ಅವರು ಯೂರೋಪಿನ ತುಂಬಾ ಚದುರಿ, ಹೋದ ಊರಲ್ಲೆಲ್ಲಾ ಮಿಠಾಯಿ ಅಂಗಡಿ, ಕಾಫಿ ಮನೆ ತೆರೆದರು. ಬಯೋನಿನ ಸಂಘ 1761, ವೆನಿಸ್ 1766. ಐದೇ ವರ್ಷದ ಅಂತರ ನೋಡಿ.

ಸಂಜೆಮಳೆ

ಚಿಲಕ ಅವರೇ, ಉದಾಹರಣೆ ಚೆನ್ನಾಗಿದೆ, ಆದರೆ ಅದು ನಿಮ್ಮ ವಾದಕ್ಕೇ ಉಲ್ಟಾ ಹೊಡೆಯುತ್ತೆ. ಆ ಬೆಟ್ಟದ ಹುಡುಗರಲ್ಲಿ ಬಹಳಷ್ಟು ಜನ ಪ್ರೊಟೆಸ್ಟೆಂಟರು, ವೆನಿಸ್ ಕ್ಯಾಥೊಲಿಕ್. "ಧರ್ಮ ಒಂದೇ ಇದ್ದರೂ" ಅನ್ನೋ ಮಾತು ಅಲ್ಲೂ ನಿಲ್ಲಲ್ಲ.

ದೊಣ್ಣೆ ಕೈಗೆ ಸಿಕ್ಕಿತು ಅಂತೀರಿ. ದೊಣ್ಣೆ ಬಾಗಿಲ ಹಿಂದೆ ಮೊದಲೇ ಒರಗಿಸಿಟ್ಟಿತ್ತಲ್ಲ, ಅದನ್ನು ಇಟ್ಟವರು ಯಾರು?

ಚಿಲಕ

ಒಪ್ಪಿದೆ, ಆ ವಾಕ್ಯ ಅವಸರದಲ್ಲಿ ಬರೆದೆ. ವ್ಯಾಪಾರವೇ ಮೂಲ ಅನ್ನೋದನ್ನು ಬಿಡಲ್ಲ.

ಹಳೇಪುಟ

ಇಬ್ಬರೂ ಒಂದು ವಿಷಯ ಬಿಟ್ಟಿರಿ. ಸಂಘದ ಆ ನಿಯಮ ಬಹಳ ದಿನ ಬಾಳಲಿಲ್ಲ. 1767ರಲ್ಲಿ ಬೋರ್ದೋದ ಪಾರ್ಲಮಾಂ ಅದನ್ನು ರದ್ದು ಮಾಡಿತು. (ಪಾರ್ಲಮಾಂ ಅಂದರೆ ಸಂಸತ್ತು ಅಂದ್ಕೋಬೇಡಿ, ಆ ಕಾಲದ ಫ್ರಾನ್ಸಿನಲ್ಲಿ ಅದು ಪ್ರಾಂತ್ಯದ ಉಚ್ಚ ನ್ಯಾಯಾಲಯ.) ಆರು ವರ್ಷಕ್ಕೆ ಸಂಘದ ಆಟ ಮುಗೀತು.

ಸಂಜೆಮಳೆ ಅವರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ನಿಯಮ ಬಿದ್ದದ್ದು ಬಯೋನಿನವರ ನಾಲಿಗೆ ರುಚಿಯಿಂದಲ್ಲ, ಬೋರ್ದೋದ ನ್ಯಾಯಾಲಯದಿಂದ. ಪೂರ್ತಿ ನಾಗರಿಕ ಹಕ್ಕು ಬಂದದ್ದೂ ಹಾಗೇ. 1790ರ ಜನವರಿ 28ರಂದು ಪ್ಯಾರಿಸಿನಲ್ಲಿ ಫ್ರೆಂಚ್ ಕ್ರಾಂತಿಯ ರಾಷ್ಟ್ರೀಯ ಸಭೆಯಲ್ಲಿ ದಿನವಿಡೀ ಗದ್ದಲ ನಡೆದು, ಬೋರ್ದೋ, ಬಯೋನ್ ಕಡೆಯ "ಪೋರ್ಚುಗೀಸ್, ಸ್ಪ್ಯಾನಿಷ್, ಅವಿನ್ಯೋನ್" ಯಹೂದಿಗಳಿಗೆ ಸಮಾನ ಹಕ್ಕು ಕೊಡುವ ನಿರ್ಣಯ 374ಕ್ಕೆ 224 ಮತಗಳಿಂದ ಪಾಸಾಯಿತು. ಆ 224 ನೆನಪಿಟ್ಟುಕೊಳ್ಳಿ. ಫ್ರಾನ್ಸಿನ ಉಳಿದ ಯಹೂದಿಗಳು ಅದೇ ಹಕ್ಕಿಗೆ 1791ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು. ಅದೇ 1791ರಲ್ಲಿ ಕಸುಬಿನ ಸಂಘಗಳನ್ನೇ ಕ್ರಾಂತಿ ಸರ್ಕಾರ ಕಿತ್ತುಹಾಕಿತು.

ಇದರಲ್ಲಿ ಚಾಕೊಲೇಟಿನ ಪಾತ್ರ ಎಷ್ಟು? ಸೊನ್ನೆ ಅನ್ನಲ್ಲ. ಇಷ್ಟು ಕಾಲ ಓಡಿಸದೆ ಇಟ್ಟುಕೊಳ್ಳಲು ಊರಿಗೆ ಒಂದು ಕಾರಣ ಬೇಕಿತ್ತು, ವ್ಯಾಪಾರ ಆ ಕಾರಣ ಕೊಟ್ಟಿತು. ಕೊಕೊ ವೆನೆಜುವೆಲಾದಿಂದ ಬರಬೇಕು. ಅದನ್ನು ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲೂ ಆಮ್‌ಸ್ಟರ್‌ಡ್ಯಾಮಿನಲ್ಲೂ ಕೈ ಬದಲಿಸುತ್ತಿದ್ದವರಲ್ಲಿ ಇದೇ ಪೋರ್ಚುಗೀಸ್ ಯಹೂದಿ ಮನೆತನಗಳು ದೊಡ್ಡ ಸಂಖ್ಯೆಯಲ್ಲಿದ್ದವು. ಬಯೋನಿನವರು ಅರೆಯೋದನ್ನು ನೋಡಿ ಕಲಿತರು. ನಂಟಸ್ತಿಕೆ ನೋಡಿ ಕಲಿಯೋಕೆ ಆಗುತ್ತಾ?

ನಿದ್ದೆಗೆಟ್ಟವಳು

ರಾತ್ರಿ ಎರಡು ಗಂಟೆಗೆ ಇದನ್ನೆಲ್ಲಾ ಓದ್ತಾ ಕೂತಿದ್ದೀನಿ, ಬೆಳಿಗ್ಗೆ ಆಫೀಸಿದೆ, ಇರಲಿ.

ಚಾಕೊಲೇಟ್ ಅಂದರೆ ಆ ಕಾಲದವರಿಗೆ ಎಷ್ಟು ಭಯ ಇತ್ತು ಅನ್ನೋದಕ್ಕೆ ನನ್ನ ಪ್ರೀತಿಯ ಕಥೆ: ಪತ್ರಗಳಿಂದಲೇ ಹೆಸರಾದ ಫ್ರೆಂಚ್ ಲೇಖಕಿ ಮದಾಂ ದ ಸೆವಿನ್ಯೆ 1671ರಲ್ಲಿ ಮಗಳಿಗೆ ಬರೆದ ಪತ್ರ. ಒಬ್ಬ ಶ್ರೀಮಂತ ಹೆಂಗಸು ಬಸುರಿಯಾಗಿದ್ದಾಗ ವಿಪರೀತ ಚಾಕೊಲೇಟ್ ಕುಡಿದು, ದೆವ್ವದ ಹಾಗೆ ಕಪ್ಪಗಿರುವ ಮಗು ಹೆತ್ತಳಂತೆ, ಮಗು ಸತ್ತಿತಂತೆ. ಇದನ್ನು ಅವರು ಗಂಭೀರವಾಗಿಯೇ ಬರೀತಾರೆ. ಮಗುವಿನ ಬಣ್ಣಕ್ಕೆ ಬೇರೆ ಕಾರಣ ಹುಡುಕೋದಕ್ಕಿಂತ ಚಾಕೊಲೇಟನ್ನು ಹೊಣೆ ಮಾಡೋದು ಎಲ್ಲರಿಗೂ ಅನುಕೂಲವಾಗಿತ್ತೋ ಏನೋ.

ಅದೇ ಪ್ಯಾರಿಸಿನಲ್ಲಿ 1659ರಷ್ಟು ಹಿಂದೆಯೇ ಚಾಕೊಲೇಟ್ ಮಾರೋಕೆ ಒಬ್ಬನಿಗೆ ರಾಜನ ಏಕಸ್ವಾಮ್ಯದ ಪರವಾನಗಿ ಸಿಕ್ಕಿತ್ತು. ರಾಣಿ ಕುಡಿದರೆ ಅಂತಸ್ತು. 1660ರಲ್ಲಿ ಹದಿನಾಲ್ಕನೇ ಲೂಯಿಯ ಮದುವೆ ಆದದ್ದು ಸ್ಪೇನಿನ ರಾಜಕುಮಾರಿ ಜೊತೆ, ಬಯೋನ್ ಪಕ್ಕದ ಸೇಂ-ಝಾನ್-ದ-ಲೂಝ್‌ನಲ್ಲಿ. ಪುಸ್ತಕಗಳಲ್ಲಿ "ಫ್ರಾನ್ಸಿಗೆ ಚಾಕೊಲೇಟ್ ತಂದವರು" ಅಂತ ರಾಣಿಯರ ಹೆಸರು ಕಾಣುತ್ತೆ. ರಾಣಿ ಬಟ್ಟಲು ಎತ್ತಿದ್ದು ನಿಜ. ಅರೆದದ್ದು ಯಾರು?

ಕಡಲತಡಿ

ಕೊನೆಯ ಸಾಲು ಚೆನ್ನಾಗುಂಟು ಮೇಡಂ. ನಿದ್ದೆ ಮಾಡಿ.

ಹಳೇಪುಟ ಸಾರ್ ಹೇಳಿದ್ದಕ್ಕೆ ನನ್ನದು ಸಣ್ಣ ತಕರಾರು. ಕಾನೂನು ಮೇಲಿಂದ ಬಂತು, ಸರಿ. ಆದರೆ ಊರು ಎಂದರೆ ನಗರಸಭೆ ಮಾತ್ರವಾ? ಸಂಘದವರು ಆರು ವರ್ಷ ಕೂಗಾಡಿದ್ದು ಯಾಕೆ? ಗಿರಾಕಿಗಳು ಹೊಳೆಯಾಚೆಯವನನ್ನು ಕರೆಯುವುದನ್ನು ನಿಲ್ಲಿಸದೆ ಇದ್ದದ್ದಕ್ಕೆ. ಎಲ್ಲರೂ ನಿಯಮದ ಹಾಗೆ ನಡೆಯುವುದಾದರೆ ನಿಯಮವೇ ಬೇಡ ಇತ್ತು.

ಒಂದು ಮನೆ ಕಲ್ಪಿಸಿಕೊಳ್ಳಿ, ಇದು ನನ್ನ ಕಲ್ಪನೆಯೇ. ಯಜಮಾನ ಸಂಘದ ಕಡೆಯವನು, ಅಥವಾ ಸಂಘದವರ ಸ್ನೇಹಿತ. ಅವನು ಹೊರಗೆ ಹೋದ ಮೇಲೆ ಮನೆಯಾಕೆ ಹಿಂದಿನ ಬಾಗಿಲಿನಿಂದ ಕಲ್ಲಿನವನನ್ನು ಒಳಗೆ ಕರೆಯುತ್ತಾಳೆ. ಅರೆಗಲ್ಲು ಅವರು ಹೇಳಿದ ಹಾಗೆ ಅದು ಗಂಟೆಗಟ್ಟಲೆಯ ಕೆಲಸ. ಆ ಹೊತ್ತಿನಲ್ಲಿ ಮಾತು ಬರದೆ ಇರುತ್ತದಾ? ನಿಮಗೆ ಮಕ್ಕಳೆಷ್ಟು, ನಿಮ್ಮ ಕಡೆ ಇದಕ್ಕೆ ಮೆಣಸು ಹಾಕುತ್ತೀರಂತೆ ಹೌದಾ, ಅಂತ. ಕಟ್ಟುನಿಟ್ಟಿನ ಊರಿನಲ್ಲಿ ಬದಲಾವಣೆ ಎಂದರೆ ಇಷ್ಟೇ ಇರುತ್ತದೆ ಮಾರಾಯ್ರೆ.

ಸಂಜೆಮಳೆ

ಚಿತ್ರ ಸೊಗಸಾಗಿದೆ. ಆದರೆ ಆ ಮನೆಯಾಕೆ ಅವನ ಹತ್ತಿರ ಏನು ಮಾತಾಡಿದಳು ಅನ್ನೋದಕ್ಕಿಂತ, ಹೊತ್ತು ಮುಳುಗೋ ಹೊತ್ತಿಗೆ ಏನು ಮಾಡಿದಳು ಅಂತ ಯೋಚಿಸ್ತೀನಿ ನಾನು. "ಕತ್ತಲಾಯ್ತು, ಇಲ್ಲೇ ಇರಿ" ಅಂದಿರ್ತಾಳಾ? ಕಲ್ಲು ತೊಳೆದು, ಹೆಗಲಿಗೇರಿಸಿ, ಸೇತುವೆ ಕಡೆ ಹೊರಟಿರ್ತಾನೆ ಅವನು. ಅವಳು ಬಾಗಿಲು ಹಾಕಿಕೊಂಡಿರ್ತಾಳೆ. ನೂರು ವರ್ಷ ಹೀಗೇ.

ಅವಳನ್ನು ಬೈತಿಲ್ಲ. ಅವಳ ಕೈಯಲ್ಲಿ ಇದ್ದದ್ದು ಹಿಂದಿನ ಬಾಗಿಲು ಮಾತ್ರ. ಆದರೆ "ಊರು ಕರಗಿತು" ಅಂತ ಅದನ್ನು ಕರೆಯೋಕೆ ನನ್ನಿಂದಾಗಲ್ಲ.

ಚಿಲಕ

ಇಲ್ಲಿ ನಾನು ಸಂಜೆಮಳೆ ಕಡೆ. ತಿಂಡಿ ತುಂಬಾ ಸುಲಭವಾಗಿ ಗಡಿ ದಾಟುತ್ತೆ, ಅದಕ್ಕೆ ಜಾತಿ ಇಲ್ಲ, ವಿಳಾಸ ಇಲ್ಲ. ಎರಡು ತಲೆಮಾರು ಕಳೆದರೆ "ನಮ್ಮೂರ ಸಿಹಿ" ಆಗಿಬಿಡುತ್ತೆ. ತಂದವನು ಮಾತ್ರ ಹತ್ತು ತಲೆಮಾರಾದರೂ "ಹೊರಗಿನವನು". ಜೀರ್ಣ ಆಗೋದು ತಿಂಡಿ.

ನಿದ್ದೆಗೆಟ್ಟವಳು

ನಿದ್ದೆ ಬರಲಿಲ್ಲ, ಮತ್ತೆ ಬಂದೆ. ನಿನ್ನೆ ಹೇಳೋದು ಮರೆತೆ, ನಾನು ಬಯೋನಿಗೆ ಹೋಗಿದ್ದೀನಿ. ಕೆಲಸದ ಮೇಲೆ ಫ್ರಾನ್ಸಿನಲ್ಲಿದ್ದಾಗ, ಒಂದು ಚಳಿಗಾಲದ ವಾರಾಂತ್ಯ, ಒಬ್ಬಳೇ.

ಪೋರ್-ನಫ್ ಅಂತ ಒಂದು ಬೀದಿ. ಎರಡೂ ಬದಿ ಕಲ್ಲಿನ ಕಮಾನಿನ ಹಜಾರ, ಅದರಡಿ ಚಾಕೊಲೇಟ್ ಅಂಗಡಿಗಳು. ಒಂದು ಹಳೇ ಅಂಗಡಿಯಲ್ಲಿ ಕೂತು ಅವರ ಪ್ರಸಿದ್ಧ ನೊರೆ ಚಾಕೊಲೇಟ್ ಹೇಳಿದೆ. ತೆಳ್ಳಗಿನ ಪಿಂಗಾಣಿ ಬಟ್ಟಲು, ಹೂವಿನ ಚಿತ್ತಾರ. ನೊರೆ ಬಟ್ಟಲಿನ ಅಂಚು ದಾಟಿ ಗುಡ್ಡೆಯಾಗಿ ನಿಂತಿತ್ತು. ಕೈಯಿಂದಲೇ ಕಡೆದು ಎಬ್ಬಿಸೋ ನೊರೆ ಅದು. ಚಮಚ ಇಳಿಸಿದರೆ ಸದ್ದಿಲ್ಲದೆ ಕೆಳಗೆ ಹೋಗುತ್ತೆ, ಅಡಿಯಲ್ಲಿ ಕಪ್ಪಗೆ, ಅಷ್ಟೇನೂ ಸಿಹಿ ಇಲ್ಲದ ಚಾಕೊಲೇಟ್. ಜೊತೆಗೆ ಬೆಣ್ಣೆ ಹಚ್ಚಿದ ಟೋಸ್ಟ್. ಪಕ್ಕದ ಟೇಬಲ್ಲಿನ ಅಜ್ಜಿ ಟೋಸ್ಟನ್ನು ಅದರಲ್ಲಿ ಅದ್ದಿ ತಿಂತಿದ್ದರು. ನಾನೂ ಅದ್ದಿದೆ. ಮೂಗಿಗೆಲ್ಲಾ ನೊರೆ.

ಆಗ ನನಗೆ ಈ ಇತಿಹಾಸ ಒಂದಕ್ಷರ ಗೊತ್ತಿರಲಿಲ್ಲ. ಈಗ ಈ ಚರ್ಚೆ ಓದಿದ ಮೇಲೆ ನಕ್ಷೆ ತೆಗೆದು ನೋಡಿದೆ. ಬಯೋನಿನ ರೈಲು ನಿಲ್ದಾಣ ಇರೋದು ಸೇಂತ್-ಎಸ್ಪ್ರಿಯಲ್ಲಿ. ಅಂದರೆ ನಾನು ರೈಲಿಳಿದದ್ದೇ ಆ ದಡದಲ್ಲಿ! ಚಕ್ರದ ಸೂಟ್‌ಕೇಸ್ ಕಟಕಟ ಅಂತ ಎಳ್ಕೊಂಡು, ಗಾಳಿಗೆ ಕಣ್ಣಲ್ಲಿ ನೀರು ಬರ್ತಾ, ಅದೂರ್ ಸೇತುವೆ ದಾಟಿ ಊರೊಳಗೆ ಬಂದದ್ದು. ದಾರಿ ಉದ್ದ ಅಂತ ಬೈಕೊಂಡಿದ್ದೆ ಕೂಡ. ಆ ರಾತ್ರಿ ಕೋಟೆಯೊಳಗಿನ ಹೋಟೆಲಿನಲ್ಲಿ ಹಾಯಾಗಿ ಮಲಗಿದೆ, ಯಾರೂ ಏನೂ ಕೇಳಲಿಲ್ಲ.

ಹಳೇಪುಟ

ನಿದ್ದೆಗೆಟ್ಟವಳು ಅವರ ಅನುಭವಕ್ಕೆ ಎರಡು ಸಾಲು. ಸೇಂತ್-ಎಸ್ಪ್ರಿ 1857ರಲ್ಲಿ ಬಯೋನಿಗೆ ಸೇರಿತು, ಈಗ ಅದು ಊರಿನದೇ ಒಂದು ಭಾಗ. 2013ರಲ್ಲಿ ಬಯೋನ್ ನಗರ ಚಾಕೊಲೇಟ್ ತಂದುಕೊಟ್ಟ ಯಹೂದಿಗಳಿಗೆ ಅಧಿಕೃತವಾಗಿ ಗೌರವ ಸಲ್ಲಿಸಿತು. 1761ರಿಂದ ಎಣಿಸಿದರೆ 252 ವರ್ಷ.

ಖಾರಾಬೂಂದಿ

ಬೇಗ ನೆನಪಾಯ್ತು ಪಾಪ.

ಚಿಲಕ

ನಗಬೇಡಿ, ಅದನ್ನೂ ಮಾಡದ ಊರುಗಳೇ ಜಾಸ್ತಿ. ಆದರೂ ಗೌರವ ಸಲ್ಲಿಸೋ ಹೊತ್ತಿಗೆ ಪೈಪೋಟಿ ಕೊಡೋಕೆ ಆ ಕಸುಬುದಾರರು ಯಾರೂ ಉಳಿದಿರಲ್ಲ, ಅದೊಂದು ಅನುಕೂಲ.

ಸಂಜೆಮಳೆ

ಅರೆಗಲ್ಲು ಅವರೇ, ನಿಮ್ಮಲ್ಲಿ ಒಂದು ಕೇಳೋದಿತ್ತು. ಬಿಸಿ ಕಲ್ಲಿನ ಮೇಲೆ ಮತ್ತೆ ಮಾಡಿ ನೋಡಿದಿರಾ? ನುಣ್ಣಗಾಯ್ತಾ?

ಅರೆಗಲ್ಲು

ನಿನ್ನೆ ರವಿವಾರ ಮಾಡಿದೆ ನೋಡ್ರಿ, ನಿಮ್ಮ ಚರ್ಚಾ ಓದಿನ ಹುರುಪು ಬಂತು. ಉಳದ ಬೀಜ ಕಾಲು ಕಿಲೊ ಇತ್ತು. ಈ ಸಲ ಕಲ್ಲನ್ನ ಬಿಸಲಾಗ ಇಟ್ಟು, ಆಮ್ಯಾಲೆ ಕೆಳಗೊಂದು ತಟ್ಟಿಯೊಳಗ ಕೆಂಡ ಇಟ್ಟೆ. ಭಾಳ ಬಿಸಿ ಆದ್ರ ಸೀದ ವಾಸನಿ ಬರ್ತದ, ಅದಕ್ಕ ಆಗಾಗ ಕೆಂಡ ತಗದು ಹಾಕಬೇಕು.

ಅರ್ಧ ತಾಸಿಗೆ ಆ ಪುಡಿ ಇದ್ದಕ್ಕಿದ್ಧಂಗ ಹೊಳಿಯಾಕ ಹತ್ತಿತ್ರಿ. ಮದಲ ಉಂಡಿ ಕಟ್ಟಿಧಂಗ ಆತು, ಆಮ್ಯಾಲೆ ಕಲ್ಲಿನ ಮ್ಯಾಲೆ ತಾನ ಹರ್ಯಾಕತ್ತಿತು. ಒಂದ ಹನಿ ನೀರು ಹಾಕಿಲ್ಲ, ಬೀಜದ ಬೆಣ್ಣಿನ ಅದು. ನಾ ಅರಿಯೂದ ಬಿಟ್ಟು ನೋಡಕೋತ ಕುಂತೆ.

ಪೂರ್ತಿ ನುಣ್ಣಗ ಇನ್ನೂ ಆಗಿಲ್ಲ, ಸುಳ್ಳು ಯಾಕ ಹೇಳ್ಲಿ. ಸಕ್ಕರಿ ಹಾಕೂಕಿಂತ ಮುಂಚೆ ಅವ್ವ ಬಂದು, ಏನದು ಕರೇದು ಅಂತ ಮೂಗು ಮುರದು, ಬೆರಳಿಲೆ ಒರಸಿ ಬಾಯಾಗ ಇಟ್ಕೊಂಡಳು. "ಕಹಿ ಅದ, ಇದನ್ನ ಯಾರು ತಿಂತಾರ" ಅಂದಳು. ಅಂದು, ಮತ್ತ ಕಲ್ಲಿಗೆ ಬಟ್ಟು ಹಚ್ಚಿದಳು.